ನಗರದ ಬಚ್ಚಲು ನೀರು: ಗುಣ, ದೋಷ ಮತ್ತು ಮರುಬಳಕೆ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ವಿಷಯವನ್ನು ಕೇಳಿದೊಡನೆ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಬೇಸಾಯಗಾರರನ್ನು ಕೂರಿಸಿಕೊಂಡು ಪಟ್ಟಣದವರ ಬಚ್ಚಲು ನೀರಿನ ಮಾತೇಕೆ ಎಂದು ಮುಂದಿನ ಸಾಲಿನಲ್ಲಿರುವ ಹಿರಿಯರೊಬ್ಬರು ಆಗಲೇ ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಅದಕ್ಕೇ ಮೊದಲು ಉತ್ತರ ಹೇಳಿ ಮುಂದುವರಿಯುತ್ತೇನೆ.

ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಮೂಲಕ ಏರಿ ಬರುತ್ತದೆ. 1974ರಲ್ಲಿ ಆರಂಭವಾದ ಈ ಯೋಜನೆಯ 5ನೆಯ ಹಂತವು 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆ ಒಂದು ಹಂತದ ಸಾಮರ್ಥ್ಯವೇ ದಿನಕ್ಕೆ 77.5 ಕೋಟಿ ಲೀಟರು. ಅದೇ ವರ್ಷದ ಬೇಸಿಗೆಯಲ್ಲಿ ನಗರದ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಹಾಯಿಸಲು ಬಳಸಿದರೆ 5,000 ರೂಪಾಯಿ ದಂಡವೆಂದು ಆಜ್ಞೆಯಾಯಿತು. ಮಂಡ್ಯದ ಭತ್ತಕ್ಕೂ ಕಬ್ಬಿಗೂ ನೀರುಣಿಸುವ ನದಿಯೂ ಅದೇ ಕಾವೇರಿ. ಪಟ್ಟಣದವನು ಒಂದು ಕೊಡ ನೀರನ್ನು ಒಮ್ಮೆ ಬಳಸಿ ಚೆಲ್ಲುತ್ತಾನೋ, ಎರಡು ಸಲ ಬಳಸುತ್ತಾನೋ ಎಂಬುದು ನಮಗೆ ಸಂಬಂಧವಿಲ್ಲದ ಮಾತಲ್ಲ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ನಗರ ಚೆಲ್ಲಿದ ನೀರು ಎಲ್ಲಿಗೆ ಹೋಗುತ್ತದೆ? ನಮ್ಮ ಹೊಲಕ್ಕೆ. ವೃಷಭಾವತಿ ಹೊಳೆಯ ನೀರು ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಬಂದು ಅಲ್ಲಿನ ರೈತರ ಗದ್ದೆಗೆ ಹರಿಯುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡು ಹಂತದಲ್ಲಿ ಶುದ್ಧೀಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಷ್ಟು ಕೋಲಾರ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಯೋಜನೆ 2018ರಲ್ಲಿ ಆರಂಭವಾಯಿತು. ಅದೇ ವರ್ಷ ನೀರಿನಲ್ಲಿ ನೊರೆ ಕಾಣಿಸಿಕೊಂಡು ಹೈಕೋರ್ಟು ಕೆಲಕಾಲ ಅದಕ್ಕೆ ತಡೆಯನ್ನೂ ಕೊಟ್ಟಿತು. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಆ ನೊರೆಯ ದೊಡ್ಡ ಪಾಲು ಹುಟ್ಟಿದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಪಾತ್ರೆ ತೊಳೆಯುವ ತೊಟ್ಟಿಯಲ್ಲಿ. ಅಂದಮೇಲೆ ಪಟ್ಟಣದ ಬಚ್ಚಲಿನಲ್ಲಿ ಏನಾಗುತ್ತದೆ ಎಂದು ತಿಳಿಯುವುದು ಕೆರೆಯ ಕೆಳಗಿನ ಬೇಸಾಯಗಾರನಿಗೆ ಅಗತ್ಯವೇ ಆಗಿದೆ.

ನಾನು ಇಂದು ಹೇಳಬೇಕೆಂದಿರುವ ಮಾತು ಒಂದೇ. ಬಚ್ಚಲು ನೀರು ಎಂಬುದು ಒಂದು ನೀರಲ್ಲ. ಅದರಲ್ಲಿ ಮೂರು ನಾಲ್ಕು ಬಗೆಯ ನೀರುಗಳಿವೆ. ಬೇರೆ ಬೇರೆ ಇಟ್ಟರೆ ಅವುಗಳಲ್ಲಿ ಹೆಚ್ಚಿನದು ಉಪಯೋಗಕ್ಕೆ ಬರುತ್ತದೆ. ಕೂಡಿಸಿಬಿಟ್ಟರೆ ಎಲ್ಲವೂ ಕೊಚ್ಚೆ.

ಹಿತ್ತಲಿನ ಹಳೆಯ ಪಾಠ

ಇದು ಹೊಸ ವಿದ್ಯೆಯೇನೂ ಅಲ್ಲ. ನಮ್ಮ ಹಳ್ಳಿಯ ಮನೆಗಳಲ್ಲಿ ಬಚ್ಚಲಿನ ಹಿಂದೆ ಬಾಳೆ, ಕೆಸು, ಒಂದು ತೆಂಗಿನ ಮರ ಇಲ್ಲದ ಹಿತ್ತಲು ಅಪರೂಪವಾಗಿತ್ತು. ಮಿಂದ ನೀರು ತಾನಾಗಿ ಅಲ್ಲಿಗೆ ಹರಿಯುತ್ತಿತ್ತು. ಅಂದು ಮೈಗೆ ಸೀಗೆಪುಡಿ, ಕಡಲೆಹಿಟ್ಟು. ಬಟ್ಟೆಗೆ ಅಂಟುವಾಳ, ಚೌಳು. ಪಾತ್ರೆಗೆ ಬೂದಿ, ಹುಣಿಸೆಹಣ್ಣು. ಇವುಗಳಲ್ಲಿ ಹೆಚ್ಚಿನವನ್ನು ಮಣ್ಣು ಜೀರ್ಣಿಸಿಕೊಳ್ಳುತ್ತಿತ್ತು. ನೀರೂ ಕಡಿಮೆ, ಬಾವಿಯಿಂದ ಸೇದಿ ತಂದ ನೀರನ್ನು ಯಾರೂ ಧಾರಾಳವಾಗಿ ಸುರಿಯುತ್ತಿರಲಿಲ್ಲ.

ಇಂದು ಮೂರು ಬದಲಾವಣೆಗಳಾಗಿವೆ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಸಾಬೂನು, ಮಾರ್ಜಕಪುಡಿ, ನೆಲ ತೊಳೆಯುವ ದ್ರವಗಳು ಹೆಚ್ಚಿವೆ. ಪಟ್ಟಣದ ಮನೆಯಲ್ಲಿ ಸ್ನಾನದ ಕೋಣೆಯೂ ಪಾಯಿಖಾನೆಯೂ ಒಂದೇ ಆಗಿ, ಎಲ್ಲ ನೀರೂ ಒಂದೇ ಕೊಳವೆಗೆ ಇಳಿಯುತ್ತದೆ. ಆದ್ದರಿಂದ ಹಳೆಯ ಪದ್ಧತಿಯನ್ನು ಹಾಗೆಯೇ ಅನುಸರಿಸಿದರೆ ಸಾಲದು. ನೀರಿನ ಗುಣವನ್ನು ಅರಿತು ಬಳಸಬೇಕಾಗುತ್ತದೆ.

ಎಷ್ಟು ನೀರು?

ಪಾಯಿಖಾನೆಯ ನೀರನ್ನು ಬಿಟ್ಟು ಸ್ನಾನ, ಬಟ್ಟೆ, ಪಾತ್ರೆ, ಕೈಕಾಲು ತೊಳೆದ ನೀರಿಗೆ ಈಗ ಸರ್ಕಾರದ ಕಾಗದಗಳಲ್ಲಿ ‘ಬೂದು ನೀರು’ ಎನ್ನುತ್ತಾರೆ. ಪಾಯಿಖಾನೆಯದು ‘ಕಪ್ಪು ನೀರು’. ಒಳಚರಂಡಿ ಇರುವ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ಯೋಜನೆ ಹಾಕುವುದು ವಾಡಿಕೆ. ಇಂಜಿನಿಯರಿಂಗ್ ಪಠ್ಯಗಳು ಅದನ್ನು ಹೀಗೆ ವಿಭಾಗಿಸುತ್ತವೆ: ಸ್ನಾನಕ್ಕೆ 55, ಬಟ್ಟೆಗೆ 20, ಪಾಯಿಖಾನೆಗೆ 30, ಪಾತ್ರೆಗೆ 10, ಮನೆ ತೊಳೆಯಲು 10, ಅಡಿಗೆಗೆ 5, ಕುಡಿಯಲು 5 ಲೀಟರ್.

ನಾಲ್ಕು ಜನರಿರುವ ಮನೆಯಲ್ಲಿ ಸ್ನಾನದ ನೀರೇ ದಿನಕ್ಕೆ 220 ಲೀಟರ್ ಆಯಿತು. ಬಟ್ಟೆಯದು 80, ಪಾತ್ರೆಯದು 40. ಒಟ್ಟು 340 ಲೀಟರ್. ಅದೇ ಮನೆಯ ಪಾಯಿಖಾನೆಗೆ ಬೇಕಾದದ್ದು 120 ಲೀಟರ್. ಅಂದರೆ 100 ಕಿಲೋಮೀಟರ್ ದೂರದಿಂದ ಏರಿಸಿ, ಶುದ್ಧಮಾಡಿ ತಂದ ಕುಡಿಯುವ ನೀರಿನಲ್ಲಿ 120 ಲೀಟರನ್ನು ಮಲ ತೊಳೆಯಲು ಸುರಿಯುತ್ತಿದ್ದೇವೆ. ಪಕ್ಕದಲ್ಲೇ 220 ಲೀಟರ್ ಸ್ನಾನದ ನೀರು ವ್ಯರ್ಥವಾಗಿ ಹೋಗುತ್ತಿದೆ. ಒಂದು ಲಕ್ಷ ಮನೆಗಳು ಈ 120 ಲೀಟರನ್ನು ಉಳಿಸಿದರೆ ದಿನಕ್ಕೆ 1 ಕೋಟಿ 20 ಲಕ್ಷ ಲೀಟರ್ ಉಳಿಯುತ್ತದೆ. ಬೇಸಾಯಗಾರನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಬಗೆಯ ನೀರು

ಮೊದಲನೆಯದು ಸ್ನಾನದ ನೀರು. ಪ್ರಮಾಣದಲ್ಲಿ ಹೆಚ್ಚು, ಕೊಳೆಯಲ್ಲಿ ಕಡಿಮೆ. ಇದರಲ್ಲಿ ಸಾಬೂನು, ಮೈಕೊಳೆ, ಕೂದಲು, ಎಣ್ಣೆಯ ಅಂಶ ಇರುತ್ತವೆ. ಮರುಬಳಕೆಗೆ ಅತ್ಯಂತ ಯೋಗ್ಯವಾದದ್ದು ಇದೇ.

ಎರಡನೆಯದು ಬಟ್ಟೆ ಒಗೆದ ನೀರು. ಮಾರ್ಜಕಪುಡಿಯಲ್ಲಿ ಕೊಳೆ ಬಿಡಿಸುವ ರಾಸಾಯನಿಕದ ಜೊತೆಗೆ ವಾಷಿಂಗ್ ಸೋಡಾ, ಸೋಡಿಯಂ ಸಲ್ಫೇಟು, ಕೆಲವದರಲ್ಲಿ ರಂಜಕದ ಲವಣ ಇರುತ್ತವೆ. ಹೀಗಾಗಿ ಇದರಲ್ಲಿ ಸೋಡಿಯಂ ಹೆಚ್ಚು. ರಸಸಾರವೂ 9 ದಾಟುವುದುಂಟು. ನೀರಾವರಿಗೆಂದು ನೆಲಕ್ಕೆ ಬಿಡುವ ತ್ಯಾಜ್ಯ ನೀರಿನ ರಸಸಾರ 5.5ರಿಂದ 9ರೊಳಗೆ ಇರಬೇಕೆಂಬುದು ನಮ್ಮ ದೇಶದ ಪರಿಸರ ನಿಯಮ. ಆದರೆ ಇದರಲ್ಲೂ ಒಂದು ಭೇದವಿದೆ. ಸೋಡಿಯಂ ಬಹುಪಾಲು ಮೊದಲನೆಯ ನೀರಿನಲ್ಲಿ ಹೋಗಿಬಿಡುತ್ತದೆ. ಎರಡನೆಯ, ಮೂರನೆಯ ಸಲ ಜಾಲಿಸಿದ ನೀರು ಅಷ್ಟು ಕೆಟ್ಟದ್ದಲ್ಲ. ಮೊದಲ ನೀರು ಚರಂಡಿಗೆ, ಜಾಲಿಸಿದ ನೀರು ಗಿಡಕ್ಕೆ ಎಂಬ ಕಟ್ಟಳೆಯನ್ನು ಯಾವ ಮನೆಯಲ್ಲಾದರೂ ಪಾಲಿಸಬಹುದು.

ಮೂರನೆಯದು ಅಡಿಗೆಮನೆಯ ನೀರು. ಪ್ರಮಾಣ ಕಡಿಮೆ, ಕೊಳೆ ಎಲ್ಲಕ್ಕಿಂತ ಹೆಚ್ಚು. ಅನ್ನದ ಅಗುಳು, ಜಿಡ್ಡು, ಎಣ್ಣೆ ಇದರಲ್ಲಿರುತ್ತವೆ. ಇವು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬೇಗ ಮುಗಿಸಿಬಿಡುತ್ತವೆ. ಆಗ ದುರ್ವಾಸನೆ ಹುಟ್ಟುತ್ತದೆ. ಜಿಡ್ಡು ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಜಿಡ್ಡು ತಡೆಯುವ ತೊಟ್ಟಿ ಇಲ್ಲದಿದ್ದರೆ ಈ ನೀರಿನ ಗೊಡವೆಗೆ ಹೋಗದಿರುವುದೇ ಲೇಸು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಮಾತ್ರ ಇದಕ್ಕೆ ಹೊರತು. ಅದನ್ನು ನೇರವಾಗಿ ಗಿಡಕ್ಕೆ ಹಾಕಬಹುದು.

ಮಣ್ಣಿಗೆ ಆಗುವ ಹಾನಿ

ನೊರೆ ಕಣ್ಣಿಗೆ ಕಾಣುತ್ತದೆ, ನಾಲ್ಕು ದಿನದಲ್ಲಿ ಹೋಗುತ್ತದೆ. ಸೋಡಿಯಂ ಕಣ್ಣಿಗೆ ಕಾಣುವುದಿಲ್ಲ, ಮಣ್ಣಿನಲ್ಲಿ ಉಳಿಯುತ್ತದೆ. ಜೇಡಿಯ ಕಣಗಳ ಮೇಲಿರುವ ಸುಣ್ಣದ ಅಂಶವನ್ನು ಸೋಡಿಯಂ ಹೊರದೂಡಿ ತಾನು ಕುಳಿತಾಗ ಮಣ್ಣಿನ ಕಣರಚನೆ ಒಡೆಯುತ್ತದೆ. ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ.

ಈ ಅಪಾಯ ಎಲ್ಲ ಮಣ್ಣಿಗೂ ಒಂದೇ ಸಮನಲ್ಲ. ಬೆಂಗಳೂರು, ಕೋಲಾರ, ತುಮಕೂರಿನ ಕೆಂಪು ಮಣ್ಣಿನಲ್ಲಿ ನೀರು ಬಸಿಯುತ್ತದೆ. ಒಂದು ಒಳ್ಳೆಯ ಮಳೆಗಾಲ ಲವಣವನ್ನು ಬಹುಮಟ್ಟಿಗೆ ಕೆಳಕ್ಕೆ ತೊಳೆಯುತ್ತದೆ. ಹುಬ್ಬಳ್ಳಿ, ವಿಜಯಪುರ, ಕಲಬುರಗಿಯ ಕಡೆಯ ಎರೆಮಣ್ಣಿನಲ್ಲಿ ಬಸಿಯುವಿಕೆ ನಿಧಾನ; ಅಲ್ಲಿ ಬಟ್ಟೆಯ ನೀರನ್ನು ಬಹಳ ಎಚ್ಚರದಿಂದ ಬಳಸಬೇಕು. ಬೆಂಗಳೂರಿನ ಸುಣ್ಣದಂಶವಿರುವ ಗಡಸು ಕೊಳವೆಬಾವಿ ನೀರು ಒಂದು ದೃಷ್ಟಿಯಿಂದ ಮಣ್ಣಿಗೆ ರಕ್ಷಣೆ ಕೊಡುತ್ತದೆ. ಆದರೆ ಅನೇಕ ಮನೆಗಳಲ್ಲಿ ಆ ಗಡಸುತನ ಕಳೆಯಲು ಉಪ್ಪು ಹಾಕುವ ಯಂತ್ರವನ್ನು ಕೂರಿಸಿರುತ್ತಾರೆ. ಅದು ಸುಣ್ಣದಂಶವನ್ನು ತೆಗೆದು ಸೋಡಿಯಂ ಸೇರಿಸುತ್ತದೆ. ಅಂಥ ಮನೆಯ ಬಚ್ಚಲು ನೀರು ಪಾಯಿಖಾನೆಗೆ ಸರಿ; ತೋಟಕ್ಕೆ ಬೇಡ.

ಪುಸ್ತಕದ ಮಾತಿನ ಜೊತೆಗೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಮ್ಮ ಮನೆಯ ಹಿಂದೆ ಎರಡು ಮಲ್ಲಿಗೆ ಗಿಡಗಳೂ ಒಂದು ಬಾಳೆಯೂ ಇದ್ದವು. ನೀರಿನ ಅಭಾವದ ಬೇಸಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಕೊಳವೆಯನ್ನು ಮಲ್ಲಿಗೆಯ ಪಾತಿಗೆ ತಿರುಗಿಸಿದೆ. ಸ್ನಾನದ ನೀರು ಮೊದಲಿನಂತೆ ಬಾಳೆಗೆ ಹೋಗುತ್ತಿತ್ತು. ಎರಡು ತಿಂಗಳಲ್ಲಿ ಮಲ್ಲಿಗೆಯ ಎಲೆಗಳ ಅಂಚು ಸುಟ್ಟಂತಾಯಿತು. ಪಾತಿಯ ಮೇಲೆ ಬಿಳಿಯ ಪೊರೆ ಕಟ್ಟಿತು. ಹಾಕಿದ ನೀರು ಇಂಗದೆ ನಿಂತಿತು. ಊರವರಿಗೆಲ್ಲ ಮಣ್ಣು ಪರೀಕ್ಷೆ ಮಾಡಿಸಿ ಎಂದು ಹೇಳುವ ನಾನು ಮನೆಯ ಪಾತಿಯ ಮಣ್ಣನ್ನು ನೋಡಿರಲಿಲ್ಲ. ಕೊಳವೆ ತೆಗೆದು, ಜಿಪ್ಸಂ ಮತ್ತು ಕಾಂಪೋಸ್ಟು ಸೇರಿಸಿ, ಮಳೆಗಾಲ ಕಳೆದ ಮೇಲೆ ಒಂದು ಗಿಡ ಚೇತರಿಸಿಕೊಂಡಿತು, ಇನ್ನೊಂದು ಹೋಯಿತು. ಬಾಳೆ ಮಾತ್ರ ಗೊನೆ ಹಾಕಿತು. ಒಂದೇ ಮನೆ, ಒಂದೇ ಮಣ್ಣು; ಬೇರೆಯಾಗಿದ್ದದ್ದು ನೀರು ಮಾತ್ರ.

ಆದುದರಿಂದ ವರ್ಷಕ್ಕೊಮ್ಮೆ, ಬೇಸಿಗೆಯ ಕೊನೆಯಲ್ಲಿ, ಇಂಥ ಪಾತಿಯ ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 0.7 ಡೆಸಿಸೀಮನ್ಸಿಗಿಂತ ಕಡಿಮೆ ಇದ್ದರೆ ಲವಣದ ಚಿಂತೆಯಿಲ್ಲ. 3 ದಾಟಿದರೆ ಹೆಚ್ಚಿನ ಬೆಳೆಗಳಿಗೆ ಅದು ಸಲ್ಲದು. ಇವೆರಡರ ನಡುವೆ ಇದ್ದರೆ ಬೆಳೆಯನ್ನು ನೋಡಿ, ಒಳ್ಳೆಯ ನೀರಿನೊಡನೆ ಸರದಿಯಲ್ಲಿ ಬಳಸಬೇಕು.

ರೋಗಾಣುಗಳ ವಿಚಾರ

ಪಾಯಿಖಾನೆಯ ನೀರು ಸೇರಿಲ್ಲವೆಂದ ಮಾತ್ರಕ್ಕೆ ಬಚ್ಚಲು ನೀರು ನಿರ್ದೋಷಿಯಲ್ಲ. ಮಗುವಿನ ಬಟ್ಟೆ ಒಗೆದ ನೀರು, ಕಾಯಿಲೆಯವರ ಬಟ್ಟೆ ಮತ್ತು ಸ್ನಾನದ ನೀರು, ಹಸಿ ಮಾಂಸ ತೊಳೆದ ನೀರು – ಇವುಗಳಲ್ಲಿ ರೋಗಾಣುಗಳಿರುತ್ತವೆ. ಇವನ್ನು ಯಾವಾಗಲೂ ಚರಂಡಿಗೇ ಬಿಡಬೇಕು. ಮನೆಯಲ್ಲಿ ಯಾರಿಗಾದರೂ ವಾಂತಿಭೇದಿ ಇದ್ದರೆ ಅವರು ಗುಣವಾಗುವವರೆಗೆ ಮರುಬಳಕೆಯನ್ನೇ ನಿಲ್ಲಿಸಬೇಕು.

ಇನ್ನೊಂದು ಮುಖ್ಯ ಸಂಗತಿ: ಬಚ್ಚಲು ನೀರನ್ನು ಕೂಡಿಡಬಾರದು. ಸ್ನಾನದ ನೀರು ಬೆಚ್ಚಗಿರುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳಿಗೆ ಆಹಾರವೂ ಇರುತ್ತದೆ. ಒಂದು ದಿನ ಡ್ರಮ್ಮಿನಲ್ಲಿ ನಿಂತರೆ ಅವು ವೃದ್ಧಿಯಾಗುತ್ತವೆ. ಎರಡನೆಯ ದಿನಕ್ಕೆ ನಾರುತ್ತದೆ. ಹೆಚ್ಚು ದಿನ ಬಿಟ್ಟರೆ ಸೊಳ್ಳೆಮರಿ ಕಾಣಿಸುತ್ತದೆ. ಅಂದಿನ ನೀರು ಅಂದೇ ಖರ್ಚಾಗಬೇಕು ಎಂಬುದನ್ನು ನಿಯಮವೆಂದೇ ತಿಳಿಯಿರಿ.

ಬಳಸುವ ಕ್ರಮ

ವಿಸ್ತರಣಾ ಕಾರ್ಯಕರ್ತರು ಮನೆಯವರಿಗೆ ತಿಳಿಸಬೇಕಾದ ಅಂಶಗಳು ಇಷ್ಟು:

1. ಕೊಳವೆಯನ್ನು ಮೊದಲು ಬೇರ್ಪಡಿಸಿ. ಮನೆ ಕಟ್ಟುವಾಗಲೇ ಸ್ನಾನದ ನೀರಿಗೆ ಪ್ರತ್ಯೇಕ ಕೊಳವೆ ಹಾಕಿಸುವುದು ಸುಲಭ. ಆಮೇಲೆ ಗೋಡೆ ಒಡೆಸುವುದು ದುಬಾರಿ. ಹಳೆಯ ಮನೆಯಾದರೆ ಬಕೆಟ್ಟಿನಿಂದಲೇ ಆರಂಭಿಸಬಹುದು.

2. ನೀರನ್ನು ಬುಡಕ್ಕೆ ಕೊಡಿ, ಎಲೆಯ ಮೇಲೆ ಚಿಮುಕಿಸಬೇಡಿ. ತೂಂತುರು ನೀರಾವರಿಗೆ ಈ ನೀರು ಕೂಡದು. ಪಾತಿಗೆ ತರಗೆಲೆ ಅಥವಾ ತೆಂಗಿನ ಸಿಪ್ಪೆ ಹೊದಿಸಿ, ಅದರ ಅಡಿಯಲ್ಲಿ ನೀರು ಹರಿಸಿ.

3. ಬಾಳೆ, ತೆಂಗು, ಸಪೋಟ, ಹೂಗಿಡ, ನೆರಳಿನ ಮರಗಳಿಗೆ ಇದು ಸಲ್ಲುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್, ಸೌತೆಗಳಿಗೆ ಬೇಡ. ಸಸಿಮಡಿಗೂ ಕುಂಡದ ಎಳೆಯ ಗಿಡಗಳಿಗೂ ಬೇಡ. ಕುಂಡದ ಸ್ವಲ್ಪ ಮಣ್ಣಿನಲ್ಲಿ ಲವಣ ಬೇಗ ಕೂಡುತ್ತದೆ.

4. ಪಾತಿಗಳನ್ನು ಬದಲಿಸುತ್ತಿರಿ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ತೋಟ ದಿನಕ್ಕೆ ಸುಮಾರು 5 ಲೀಟರ್ ನೀರು ಕುಡಿಯುತ್ತದೆ. ಆ ಲೆಕ್ಕದಲ್ಲಿ 220 ಲೀಟರ್ ಸ್ನಾನದ ನೀರು 44 ಚದರ ಮೀಟರಿಗೆ ಸಾಕು. ಅಷ್ಟನ್ನೂ ಒಂದೇ ಬಾಳೆಯ ಬುಡಕ್ಕೆ ಸುರಿದರೆ ಅದು ನೀರಾವರಿಯಲ್ಲ, ಕೆಸರು.

5. ಮಳೆಗಾಲದಲ್ಲಿ ನೀರನ್ನು ಚರಂಡಿಗೆ ತಿರುಗಿಸಲು ಒಂದು ತಿರುಪು ಇರಲಿ.

6. ಕುಡಿಯುವ ನೀರಿನ ಕೊಳವೆಗೂ ಈ ಕೊಳವೆಗೂ ಎಲ್ಲಿಯೂ ಜೋಡಣೆ ಇರಬಾರದು. ಬೇರೆ ಬಣ್ಣ ಬಳಿಸಿ ಗುರುತು ಮಾಡಿ.

ಜಲ್ಲಿ ಪಾತಿ

ಸ್ವಲ್ಪ ಜಾಗವಿರುವವರು ಜಲ್ಲಿ ಪಾತಿಯನ್ನು ಮಾಡಿಕೊಳ್ಳಬಹುದು. ಮೊದಲು ಒಂದು ಸಣ್ಣ ತೊಟ್ಟಿ. ಅದರಲ್ಲಿ ಕೂದಲು, ಕಸರು ನಿಲ್ಲುತ್ತವೆ. ಅಲ್ಲಿಂದ ನೀರು 2 ಮೀಟರ್ ಉದ್ದ, 1 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ, ಸೋರದಂತೆ ಗಾರೆ ಮಾಡಿದ ಗುಂಡಿಗೆ ಬರಬೇಕು. ಎರಡು ತುದಿಗಳಲ್ಲಿ ದಪ್ಪ ಜಲ್ಲಿ, ನಡುವೆ ಸಣ್ಣ ಜಲ್ಲಿ ತುಂಬಿ, ಮೇಲೆ ಕ್ಯಾನಾ ಹೂವಿನ ಗಿಡವನ್ನೋ ಆಪಿನ ಹುಲ್ಲನ್ನೋ ನೆಡಬೇಕು. ಹೊರಹೋಗುವ ಕೊಳವೆಯನ್ನು ಜಲ್ಲಿಯ ಮೇಲ್ಮೈಗಿಂತ 10 ಸೆಂಟಿಮೀಟರ್ ಕೆಳಗೆ ಇಟ್ಟರೆ ನೀರು ಮೇಲೆ ಕಾಣುವುದಿಲ್ಲ, ಸೊಳ್ಳೆಗೆ ಎಡೆಯಿಲ್ಲ. ಜಲ್ಲಿಯ ಸಂದುಗಳಲ್ಲಿ ಸುಮಾರು 400 ಲೀಟರ್ ನೀರು ಹಿಡಿಯುವುದರಿಂದ, ದಿನಕ್ಕೆ 220 ಲೀಟರ್ ಬಂದರೆ ಅದು ಸುಮಾರು ಎರಡು ದಿನ ಒಳಗೆ ನಿಧಾನವಾಗಿ ಹರಿಯುತ್ತದೆ. ಜಲ್ಲಿಗೂ ಬೇರಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನುತ್ತವೆ.

ಈ ಪಾತಿ ಕೊಳೆ, ವಾಸನೆಗಳನ್ನು ತಗ್ಗಿಸುತ್ತದೆ. ರೋಗಾಣುಗಳನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಸೋಡಿಯಂ ಅನ್ನು ತೆಗೆಯುವುದೇ ಇಲ್ಲ. ಕರಗಿದ ಉಪ್ಪು ಜಲ್ಲಿಯಲ್ಲಿ ನಿಲ್ಲದು. ಅದನ್ನು ತಡೆಯಲು ಇರುವ ಸುಲಭ ಜಾಗ ಅಂಗಡಿಯಿಂದ ತರುವ ಪುಡಿಯ ಪೊಟ್ಟಣ. ಪುಡಿಯನ್ನು ಅಳತೆ ಮಾಡಿ ಹಾಕುವುದೇ ಅತ್ಯಂತ ಅಗ್ಗದ ಶುದ್ಧೀಕರಣ.

ರೈತರ ಒಂದು ಆತಂಕ

ಕೋಲಾರದ ಕಡೆಯಿಂದ ಬಂದ ರೈತರೊಬ್ಬರು ಬೆಳಿಗ್ಗೆ ಇನ್ನೊಂದು ಪ್ರಶ್ನೆ ಕೇಳಿದರು: “ಪಟ್ಟಣದವರು ಬಚ್ಚಲು ನೀರನ್ನೆಲ್ಲ ತಾವೇ ಬಳಸಿಕೊಂಡರೆ ನಮ್ಮ ಕೆರೆಗೆ ಏನು ಬರುತ್ತದೆ ಸ್ವಾಮಿ?” ಇದು ತೂಕದ ಪ್ರಶ್ನೆ. ನಗರಕ್ಕೆ ಕೊಟ್ಟ ನೀರಿನಲ್ಲಿ ಶೇಕಡಾ 80ರಷ್ಟು ಚರಂಡಿಗೆ ಬರುತ್ತದೆಂದು ಲೆಕ್ಕ ಹಿಡಿಯುವುದು ವಾಡಿಕೆ. ತೋಟಕ್ಕೆ ಹೋದ ನೀರು ಆ ಲೆಕ್ಕದಿಂದ ಕಡಿಮೆಯಾಗುವುದು ನಿಜ. ಆದರೆ ಪಟ್ಟಣದ ಎಷ್ಟು ಮನೆಗಳಿಗೆ 44 ಚದರ ಮೀಟರ್ ತೋಟವಿದೆ? ಅಲ್ಲಿ ಮರುಬಳಕೆಯ ದೊಡ್ಡ ಭಾಗ ಪಾಯಿಖಾನೆಗೇ ಆಗಬೇಕು. ಪಾಯಿಖಾನೆಗೆ ಹೋದ ನೀರು ಮತ್ತೆ ಚರಂಡಿಗೇ ಬರುತ್ತದೆ. ಉಳಿದ ಕಾವೇರಿ ನೀರು ನೀರಿಲ್ಲದ ಇನ್ನೊಂದು ಮನೆಗೆ ಹೋಗಿ, ಅದೂ ಚರಂಡಿಗೆ ಸೇರುತ್ತದೆ. ನಿಮ್ಮ ಕೆರೆ ಬರಿದಾಗುವ ಭಯ ಕಡಿಮೆ.

ಹೆಚ್ಚು ಭಯಪಡಬೇಕಾದದ್ದು ನೀರಿನ ಗುಣಕ್ಕೆ. ಶುದ್ಧೀಕರಣ ಘಟಕವು ಕೊಳೆಯನ್ನು ತಗ್ಗಿಸುತ್ತದೆ. ಸಾಮಾನ್ಯ ಘಟಕಗಳು ಕರಗಿದ ಸೋಡಿಯಂ ಅನ್ನು ಬಿಟ್ಟುಬಿಡುತ್ತವೆ. ಪಟ್ಟಣದ ಅಡುಗೆಮನೆ, ಬಚ್ಚಲುಗಳಲ್ಲಿ ಸುರಿದ ಉಪ್ಪು, ಸೋಡಾ ಕೊನೆಗೆ ನಿಮ್ಮ ಕೆರೆಗೆ, ಅಲ್ಲಿಂದ ಹೊಲಕ್ಕೆ ಬರುತ್ತವೆ. ಆದ್ದರಿಂದ ‘ನಮಗೆ ಎಷ್ಟು ನೀರು ಕೊಡುತ್ತೀರಿ’ ಎಂದು ಕೇಳುವ ಜೊತೆಗೆ, ‘ಎಂಥ ನೀರು ಕೊಡುತ್ತೀರಿ, ಪರೀಕ್ಷೆಯ ಫಲಿತಾಂಶ ತೋರಿಸಿ’ ಎಂದು ಕೇಳುವ ಹಕ್ಕು ನಿಮಗಿದೆ. ನಿಮ್ಮ ಊರಿನ ಕೆರೆಯ ನೀರನ್ನು ನೀವೇ ವರ್ಷಕ್ಕೆರಡು ಬಾರಿ ಪರೀಕ್ಷೆ ಮಾಡಿಸಿ, ಫಲಿತಾಂಶಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಐದು ವರ್ಷದ ಅಂಕಿಗಳು ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸವನ್ನು ಒಪ್ಪಿಸುತ್ತೇನೆ. ನಿಮ್ಮಲ್ಲಿ ಹಲವರ ಮಕ್ಕಳು, ತಮ್ಮಂದಿರು ಪಟ್ಟಣದಲ್ಲಿ ಮನೆ ಮಾಡಿದ್ದಾರೆ, ಕೆಲವರು ಕಟ್ಟಿಸುತ್ತಿದ್ದಾರೆ. ಮುಂದಿನ ಸಲ ಹೋದಾಗ ಮೂರು ಮಾತು ಕೇಳಿ: ಸ್ನಾನದ ನೀರಿಗೆ ಬೇರೆ ಕೊಳವೆ ಇದೆಯೇ? ಬಟ್ಟೆಗೆ ಪುಡಿ ಎಷ್ಟು ಹಾಕುತ್ತೀರಿ? ಮೊದಲ ನೀರು ಎಲ್ಲಿಗೆ ಹೋಗುತ್ತದೆ? ಆ ನೀರು ಸುತ್ತಿ ಬಳಸಿ ಬರುವುದು ತಮ್ಮ ಊರಿನ ಕಡೆಗೇ ಎಂದು ತಿಳಿದರೆ ಅವರು ಖಂಡಿತ ಕಿವಿಗೊಡುತ್ತಾರೆ.